ಕಿವಿ ಹೋದದ್ದು ತೋಪಿನಿಂದಲೋ, ಫರ್ಸಿ ಗಣಿಯಿಂದಲೋ?

ದೊಡ್ಡ ದವಾಖಾನೆಯ ದೊಡ್ಡ ಡಾಕ್ಟರು ಲೆಟರ್‌ಹೆಡ್ಡಿನ ಮೇಲೆ ನಾಲ್ಕು ಸಾಲು ಗೀಚಿ ಮೊಹರು ಒತ್ತಿಬಿಟ್ಟರೆ ಮಿಲ್ಟ್ರಿಯ ಅಂಗವೈಕಲ್ಯ ಪಿಂಚಣಿ ಕೈಗೆ ಬಂದಂತೆಯೇ ಸರಿ ಎಂದು ತಿಳಿದ ಮಾಜಿ ಸೈನಿಕರು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆ ಕಡಿಮೆ ಇಲ್ಲ. “ಡಾಕ್ಟರ್ ಸಾಹೇಬ್ರು ಬರ್ದು ಕೊಟ್ಟಾರ್ರಿ, ಇನ್ನೇನು ಬೇಕ್ರಿ?” ಎಂಬುದು ಅವರ ವಾದ. ಬೇಕಾದದ್ದು ಬಹಳ ಇದೆ. ಆ ಚೀಟಿಯನ್ನು ನಂಬಿ ವರ್ಷಗಟ್ಟಲೆ ಕೂತವನಿಗೆ ಕೊನೆಗೆ ಕೈಗೆ ಬರುವುದು ಚೀಟಿಯೊಂದೇ.

ಶಹಾಬಾದ ಕಡೆಯ ಒಬ್ಬ ಹವಾಲ್ದಾರ ಎಂದಿಟ್ಟುಕೊಳ್ಳಿ. ತೋಪಖಾನೆಯಲ್ಲಿ ಹದಿನೇಳು ವರ್ಷ ದುಡಿದು ಊರಿಗೆ ಬಂದ. ಬರುವ ಪಿಂಚಣಿ ಮಕ್ಕಳ ಓದಿಗೆ, ಮನೆಗೆ ಸಾಲದು. ಫರ್ಸಿ ಗಣಿಯಲ್ಲಿ ಮೇಸ್ತ್ರಿಯಾದ, ಆಮೇಲೆ ಕಲ್ಲು ಕೊಯ್ಯುವ ಮಷೀನಿನ ಹತ್ತಿರ ಸೂಪರ್‌ವೈಜರ್ ಆದ. ಐವತ್ತು ದಾಟುವಾಗ ಕಿವಿಯಲ್ಲಿ ಸದಾ ಜೀರುಂಡೆ ಕೂಗಿದ ಸದ್ದು. ಹೆಂಡತಿ ಎರಡು ಸಲ ಕರೆದರೂ ಕೇಳದು. ಫೋನು ಬಂದರೆ ಮಗನ ಕೈಗೆ ಕೊಡುತ್ತಾನೆ. ಯಾರೋ ಹೇಳಿದರು, “ತೋಪಿನ ಸದ್ದಿಗೇ ಕಿವಿ ಹೋಗ್ಯಾವ, ಅರ್ಜಿ ಹಾಕು.” ಹಾಕಿದ. ತಿಂಗಳುಗಳ ಮೇಲೆ ಉತ್ತರ ಬಂತು. ಈ ತೊಂದರೆ ಸೈನ್ಯದ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ.

ಇಡೀ ಜಗಳ ಇರುವುದು ಈ ಒಂದು ವಾಕ್ಯದ ಮೇಲೆ. ಕಿವಿ ಕೇಳುವುದಿಲ್ಲ ಎಂಬುದನ್ನು ಯಾರೂ ಅಲ್ಲಗಳೆದಿಲ್ಲ. ಯಾಕೆ ಕೇಳುವುದಿಲ್ಲ ಎಂಬುದೇ ಪ್ರಶ್ನೆ. ಜನ ಎಡವುವುದೂ ಇಲ್ಲೇ. ಸರಕಾರಿ ಆಸ್ಪತ್ರೆಗೆ ಹೋಗಿ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ ಶೇಕಡಾ 40 ಎಂದು ಬರೆಸಿಕೊಂಡು, ಕಾರ್ಡು ಮಾಡಿಸಿ, ಅದನ್ನೇ ಮಿಲ್ಟ್ರಿ ಅರ್ಜಿಗೆ ಲಗತ್ತಿಸುತ್ತಾರೆ. ಆ ಕಾರ್ಡು ಬೇರೆ ಸವಲತ್ತುಗಳಿಗೆ ಸರಿ. ಅದು ಎಷ್ಟು ಹೋಗಿದೆ ಎಂದು ಹೇಳುತ್ತದೆ, ಏತರಿಂದ ಹೋಯಿತು ಎಂದು ಹೇಳುವುದಿಲ್ಲ. ಪಿಂಚಣಿ ಕಚೇರಿಗೆ ಬೇಕಾದದ್ದು ಎರಡನೆಯದು.

ಇದನ್ನು ನಿರ್ಧರಿಸುವವರು ಸೈನಿಕ ಬಿಡುಗಡೆಯಾಗುವಾಗ ಕೂರುವ ಮೆಡಿಕಲ್ ಬೋರ್ಡಿನ ಡಾಕ್ಟರುಗಳು. ತೊಂದರೆ ಯಾವಾಗ ಶುರುವಾಯಿತು, ಆಗ ಎಲ್ಲಿದ್ದ, ಸೇವೆಗೂ ಅದಕ್ಕೂ ಸಂಬಂಧ ಇದೆಯೇ, ಶೇಕಡಾ ಎಷ್ಟು — ಎಲ್ಲವನ್ನೂ ಬೋರ್ಡಿನ ಫಾರಮಿನಲ್ಲಿ ಬರೆಯುತ್ತಾರೆ. ಊರಿಗೆ ಹೊರಡುವ ಗಡಿಬಿಡಿಯಲ್ಲಿ ಆ ಫಾರಮು ಓದಿ ಸಹಿ ಮಾಡಿದವರು ಎಷ್ಟು ಮಂದಿ? ಟ್ರಂಕು ಕಟ್ಟುವ ಹೊತ್ತಿಗೆ ಅದೊಂದು ಕಾಗದ. ಇಪ್ಪತ್ತು ವರ್ಷದ ಮೇಲೆ ಅದೇ ಹಣೆಬರಹ.

ಬೋರ್ಡಿನ ಮಾತೇ ಕೊನೆಯದೋ? ಸುಪ್ರೀಂ ಕೋರ್ಟು ಎರಡೂ ಬಗೆಯಲ್ಲಿ ಹೇಳಿದೆ. ಬೋರ್ಡು ತಜ್ಞರ ಮಂಡಳಿ, ಅದರ ಅಭಿಪ್ರಾಯಕ್ಕೆ ಮೊದಲ ಮನ್ನಣೆ ಎಂದು 2009ರಲ್ಲಿ ಹೇಳಿತು. 2013ರ ಜುಲೈಯಲ್ಲಿ ಧರಮ್‌ವೀರ್ ಸಿಂಗ್ ಎಂಬ ಸಿಪಾಯಿಯ ಮೊಕದ್ದಮೆ ಬಂತು. ಆತ 1985ರಲ್ಲಿ ಸಿಗ್ನಲ್ ದಳಕ್ಕೆ ಸೇರಿದವ. ಮೂರ್ಛೆ ರೋಗವೆಂದು, ಶೇಕಡಾ 20ರ ಅಂಗವೈಕಲ್ಯವೆಂದು 1994ರಲ್ಲಿ ಮನೆಗೆ ಕಳಿಸಿದರು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲ ಎಂದು ಬೋರ್ಡು ಬರೆಯಿತು. ಯಾಕಿಲ್ಲ ಎಂದು ಬರೆಯಲಿಲ್ಲ. ಕೋರ್ಟು ಹಿಡಿದದ್ದು ಅದನ್ನೇ. ಭರ್ತಿಯಾಗುವಾಗ ಈ ರೋಗ ಇತ್ತೆಂದು ನೀವು ಬರೆದಿಲ್ಲ, ಅಂದರೆ ಆಗ ಆತ ಗಟ್ಟಿಮುಟ್ಟಾಗಿದ್ದ ಎಂದೇ ತಿಳಿಯಬೇಕು. ಸೇವೆಯಲ್ಲಿರುವಾಗ ಬಂದ ರೋಗ ಸೇವೆಯಿಂದಲ್ಲ ಎಂದಾದರೆ ಅದನ್ನು ತೋರಿಸುವ ಹೊಣೆ ಸರಕಾರದ್ದು, ಸಿಪಾಯಿಯದ್ದಲ್ಲ. ಸಂಶಯವಿದ್ದರೆ ಅದರ ಲಾಭ ಸಿಪಾಯಿಗೆ. 1982ರ ನಿಯಮಗಳಲ್ಲೇ ಇದ್ದ ಮಾತು ಇದು. ಕೋರ್ಟು ನೆನಪು ಮಾಡಿಕೊಟ್ಟಿತು ಅಷ್ಟೇ.

ಅದೇ ತಿಂಗಳು ಇನ್ನೊಂದು ತೀರ್ಪು ಬಂತು. ಹೊರಗಿನ ವೈದ್ಯಕೀಯ ಅಭಿಪ್ರಾಯದ ಮಟ್ಟಿಗೆ ಅದು ಇದಕ್ಕಿಂತ ಮುಖ್ಯ. ವೀರ್‌ಪಾಲ್ ಸಿಂಗ್ ಎಂಬಾತ 1972ರಲ್ಲಿ ಸೇರಿ 1977ರಲ್ಲಿ ಮಾನಸಿಕ ರೋಗದ ಕಾರಣಕ್ಕೆ ಹೊರಬಿದ್ದಿದ್ದ. ನ್ಯಾಯಮೂರ್ತಿಗಳು ಬೋರ್ಡಿನ ಕಾಗದ ಮುಂದಿಟ್ಟುಕೊಂಡು, ಪಕ್ಕದಲ್ಲಿ ವೈದ್ಯಶಾಸ್ತ್ರದ ಪುಸ್ತಕಗಳನ್ನೂ ಇಟ್ಟುಕೊಂಡು ತಾಳೆ ನೋಡಿದರು. ಮನೋವೈದ್ಯರು ಬರೆದದ್ದು ರೋಗದ ತೀರ್ಮಾನಕ್ಕೆ ಸಾಲದು ಎಂದು ಕಂಡಿತು. ಹಾಗಂತ ಅವರೇ ಡಾಕ್ಟರಾಗಿ ರೋಗ ನಿರ್ಧರಿಸಲಿಲ್ಲ. ಹೊಸ ಬೋರ್ಡು ಕೂರಿಸಿ ಮತ್ತೆ ಪರೀಕ್ಷಿಸಿ ಎಂದು ಆದೇಶಿಸಿದರು.

ಹೊರಗಿನ ಡಾಕ್ಟರ ಅಭಿಪ್ರಾಯದ ನಿಜವಾದ ಬೆಲೆ ಇಷ್ಟೇ, ಆದರೆ ಇದೇನು ಕಡಿಮೆಯಲ್ಲ. ಅದು ಬೋರ್ಡಿನ ಕಾಗದವನ್ನು ಹರಿದು ಹಾಕದು. ಬೋರ್ಡು ಎಲ್ಲಿ ಕಾರಣ ಕೊಟ್ಟಿಲ್ಲ, ಯಾವ ದಾಖಲೆ ನೋಡದೆ ಬಿಟ್ಟಿದೆ ಎಂದು ಬೆರಳಿಟ್ಟು ತೋರಿಸುತ್ತದೆ. ತೋರಿಸಿದರೆ ಮರುಪರೀಕ್ಷೆಗೆ ದಾರಿ ತೆರೆಯಬಹುದು. ತೋರಿಸದಿದ್ದರೆ ಅದು ಬರೀ ಶಿಫಾರಸು ಪತ್ರ. ಕೋರ್ಟು ಯಾವಾಗಲೂ ಸಿಪಾಯಿಯ ಕಡೆಗೇ ವಾಲುತ್ತದೆ ಎಂದೂ ತಿಳಿಯಬೇಡಿ. ಮಾನಸಿಕ ರೋಗದ ಪ್ರಕರಣವೊಂದರಲ್ಲಿ, ಭರ್ತಿಯ ಹೊತ್ತಿಗೆ ಕಣ್ಣಿಗೆ ಬೀಳದ ರೋಗಗಳೂ ಇರುತ್ತವೆ ಎಂದು ಹೇಳಿ 2019ರಲ್ಲಿ ಅದೇ ಸುಪ್ರೀಂ ಕೋರ್ಟು ಮಾಜಿ ಸೈನಿಕನ ಕೋರಿಕೆ ತಳ್ಳಿಹಾಕಿತು.

ಈಗ ಹವಾಲ್ದಾರನ ಕಿವಿಗೆ ಬರೋಣ. ಇಂಥ ಕೇಸಿನಲ್ಲಿ ಕಿವಿ ಡಾಕ್ಟರು ಏನು ಬರೆಯಬೇಕು? “ಇವರಿಗೆ ಕಿವುಡುತನ ಇದೆ, ತೋಪಿನ ಶಬ್ದದಿಂದ ಆಗಿರಬಹುದು” ಎಂದು ಬರೆದರೆ ಓದುವ ಅಧಿಕಾರಿ “ಗಣಿಯಿಂದಲೂ ಆಗಿರಬಹುದಲ್ಲ” ಎಂದು ಫೈಲು ಮುಚ್ಚುತ್ತಾನೆ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಕಲ್ಲು ಕೊಯ್ಯುವ ಮಷೀನು, ಡ್ರಿಲ್ಲು, ತೋಪು ಎಲ್ಲವೂ ಕಿವಿಯನ್ನು ಒಂದೇ ರೀತಿ ಕೆಡಿಸುತ್ತವೆ. ಆಡಿಯೋಗ್ರಾಂ ತೆಗೆದರೆ 4,000 ಹರ್ಟ್ಜ್ ಆಸುಪಾಸಿನಲ್ಲಿ ಗೆರೆ ತಗ್ಗಿಗೆ ಬಿದ್ದಂತೆ ಕಾಣುತ್ತದೆ. ಆ ತಗ್ಗು ಶಬ್ದದ ಗುರುತು. ಯಾರ ಶಬ್ದ ಎಂದು ಅದರ ಮೇಲೆ ಬರೆದಿರುವುದಿಲ್ಲ.

ಆದರೆ ಬಲ್ಲ ಡಾಕ್ಟರು ಇನ್ನೂ ಎರಡು ಸಂಗತಿ ನೋಡುತ್ತಾರೆ. ಶಬ್ದದಿಂದ ಕೆಟ್ಟ ಕಿವಿ, ಶಬ್ದ ನಿಂತ ಮೇಲೆ ಆ ಕಾರಣಕ್ಕಾಗಿಯೇ ಮುಂದೆ ಮುಂದೆ ಕೆಡುತ್ತಾ ಹೋಗುವುದು ಸಾಮಾನ್ಯವಲ್ಲ. ಹಾಗಾಗಿ ಬಿಡುಗಡೆಯ ದಿನಗಳ ಆಡಿಯೋಗ್ರಾಂ ಇದ್ದರೆ ಅದೇ ಬಂಗಾರ. ಆ ದಿನವೇ ಗೆರೆ ತಗ್ಗಿದ್ದರೆ ಆ ತಗ್ಗು ಗಣಿಯದ್ದಾಗಲು ಸಾಧ್ಯವೇ ಇಲ್ಲ. ಹವಾಲ್ದಾರ ಆಗಿನ್ನೂ ಗಣಿಯ ಮುಖ ನೋಡಿರಲಿಲ್ಲ. ಆ ದಿನ ಗೆರೆ ನೆಟ್ಟಗಿದ್ದರೆ ಗಣಿಯ ಕಡೆ ತಕ್ಕಡಿ ವಾಲುತ್ತದೆ. ಎರಡನೆಯದು, ಬಲಗೈಯವನು ರೈಫಲ್ ಹಾರಿಸುವಾಗ ಎಡಗಿವಿ ನಳಿಗೆಯ ಕಡೆಗಿರುತ್ತದೆ, ಬಲಗಿವಿಗೆ ತಲೆಯೇ ಅಡ್ಡ. ಎಡಗಿವಿ ಹೆಚ್ಚು ಕೆಟ್ಟಿದ್ದರೆ ಬಂದೂಕಿನ ಕಡೆಗೆ ಅದೊಂದು ಸಾಕ್ಷಿ. ಸಣ್ಣ ಸಾಕ್ಷಿ, ಆದರೆ ಕಾರಣ ಕೊಟ್ಟು ಬರೆದ ಸಾಕ್ಷಿ.

ಇದನ್ನೆಲ್ಲಾ ಬರೆಯಬೇಕಾದರೆ ಡಾಕ್ಟರ ಮುಂದೆ ದಾಖಲೆ ಇರಬೇಕು. ರೋಗಿ ಬರಿಗೈಲಿ ಹೋಗಿ ಕೂತರೆ ಡಾಕ್ಟರಾದರೂ ಏನು ಮಾಡಿಯಾರು? ಬೋರ್ಡಿನ ಫಾರಮಿನ ನಕಲು, ಭರ್ತಿಯಾದ ದಿನದ ಪರೀಕ್ಷೆಯ ಕಾಗದ, ಸೇವೆಯಲ್ಲಿ ಆಸ್ಪತ್ರೆ ಸೇರಿದ ಚೀಟಿಗಳು ಸಿಗಬೇಕಾದದ್ದು ಆಯಾ ದಳದ ರೆಕಾರ್ಡ್ ಆಫೀಸಿನಲ್ಲಿ. ತೋಪಖಾನೆಯವರಿಗೆ ಅದು ನಾಸಿಕ ರೋಡಿನಲ್ಲಿದೆ. ಮಾಹಿತಿ ಹಕ್ಕು ಕಾಯಿದೆಯಲ್ಲಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಕೇಳಬಹುದು. ತಡಮಾಡಿದರೆ ಹಳೆಯ ಕಡತ ನಿಯಮದ ಪ್ರಕಾರ ನಾಶವಾಗಿಯೂ ಇರಬಹುದು. ಮೊದಲು ದಾಖಲೆ, ಆಮೇಲೆ ಡಾಕ್ಟರು. ಈ ಕಡೆ ಬಹುಮಂದಿ ಮಾಡುವುದು ಇದರ ಉಲ್ಟಾ.

ಇದರಲ್ಲಿ ಸಿಗುವುದೆಷ್ಟು ಎಂದು ಕೇಳುವವರಿಗೆ ಲೆಕ್ಕ ಹೀಗಿದೆ. ನೂರಕ್ಕೆ ನೂರು ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇಕಡಾ 30. ಕೊನೆಯ ವೇತನ 40,000 ರೂಪಾಯಿ ಎಂದರೆ 12,000. ಶೇಕಡಾ 20 ಎಂದು ಬೋರ್ಡು ಬರೆದಿದ್ದರೆ 2,400 ಆಗಬೇಕು. ಆದರೆ 50ಕ್ಕಿಂತ ಕಡಿಮೆಯದ್ದನ್ನು 50 ಎಂದು ಎಣಿಸುವ ಪದ್ಧತಿ ಇದೆ, ಹಾಗಾಗಿ 6,000. ರೋಗದಿಂದ ಹೊರಬಿದ್ದವರಿಗಷ್ಟೇ ಅಲ್ಲ, ಅವಧಿ ಮುಗಿಸಿ ಬಂದವರಿಗೂ ಇದು ಸಲ್ಲಬೇಕೆಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2014ರ ಡಿಸೆಂಬರಿನಲ್ಲಿ ಹೇಳಿತು. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ. ಅದರ ನಂತರ ಬಿಡುಗಡೆಯಾದವರ ಲೆಕ್ಕ ಬೇರೆ, ಅವರು ಹೊಸ ನಿಯಮ ಓದಿಕೊಂಡೇ ಮುಂದುವರಿಯಬೇಕು. ಅವಧಿ ಮುಗಿಸಿ ಬಂದವರಿಗೆ ಶೇಕಡಾ 20ಕ್ಕಿಂತ ಕಡಿಮೆ ಬರೆದಿದ್ದರೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ. ಹದಿನೈದಕ್ಕೂ ಇಪ್ಪತ್ತಕ್ಕೂ ನಡುವೆ ಒಂದು ಮನೆಯ ಒಲೆ ನಿಂತಿರುತ್ತದೆ.

ದಾರಿಯೂ ದೂರ. ತಿರಸ್ಕಾರದ ಕಾಗದ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಬಿದ್ದರೆ ಎರಡನೆಯದು, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಸೇರುವುದು ಅದರ ಕೊಚ್ಚಿ ಪೀಠಕ್ಕೆ. ಚಿಂಚೋಳಿಯವನಿಗೆ ಕೊಚ್ಚಿ ಸಾವಿರ ಕಿಲೋಮೀಟರಿಗೂ ಮಿಕ್ಕಿ. ಮಿಲ್ಟ್ರಿ ಆಸ್ಪತ್ರೆಯ ಮುಖ ನೋಡಬೇಕೆಂದರೆ ಸಿಕಂದರಾಬಾದು. ವಾಡಿ, ಚಿತ್ತಾಪುರ, ಸೇಡಂನವರು ರೈಲು ಹತ್ತಿ ತಾಂಡೂರು, ವಿಕಾರಾಬಾದು ದಾಟಿ ಹೋದಾರು. ಚಿಂಚೋಳಿಗೆ ರೈಲೇ ಇಲ್ಲ, ಬಸ್ಸು ಹಿಡಿದು ತಾಂಡೂರಿಗೋ ಕಲಬುರಗಿಗೋ ಬರಬೇಕು. ಮೊಣಕಾಲು ಕೆಟ್ಟವನಿಗೆ, ಮನಸ್ಸು ಕೆಟ್ಟವನಿಗೆ ಈ ಓಡಾಟವೇ ಇನ್ನೊಂದು ಶಿಕ್ಷೆ. ಹೀಗೆ ತಡವಾದಷ್ಟೂ ನಷ್ಟ ಅವನದೇ. ತಾರ್ಸೇಮ್ ಸಿಂಗ್ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು, ತಡವಾಗಿ ಬಂದವನಿಗೆ ಹಿಂಬಾಕಿಯನ್ನು ಮೂರು ವರ್ಷಕ್ಕೆ ಸೀಮಿತಗೊಳಿಸಿತು.

ಅಮೆರಿಕದಲ್ಲಿ ಇದೇ ಮಾತು ಬೇರೆ ಬಗೆ. ಅಲ್ಲಿ ಖಾಸಗಿ ಡಾಕ್ಟರು ಮಾಜಿ ಸೈನಿಕನ ಕಡತ ಓದಿ, ರೋಗ ಸೇವೆಯಿಂದ ಬಂದಿರುವ ಸಂಭವ ಬಾರದಿರುವ ಸಂಭವದಷ್ಟಾದರೂ ಇದೆ ಎಂದು ಕಾರಣ ಸಮೇತ ಬರೆದರೆ ಅದನ್ನು ಸರಕಾರ ಸಾಕ್ಷಿಯಾಗಿ ತೂಗಿ ನೋಡುತ್ತದೆ. ಫೀಸು ಪಡೆದು ಇಂಥ ಪತ್ರ ಬರೆಯುವ ಕಂಪನಿಗಳೇ ಅಲ್ಲಿ ಹುಟ್ಟಿಕೊಂಡಿವೆ. ಆ ಗಾಳಿ ಇಲ್ಲಿಗೆ ಬರದಿರಲಿ. “ನಮ್ಮ ಕಡೆ ಡಾಕ್ಟರ್ ಇದ್ದಾರ, ಗ್ಯಾರಂಟಿ ಮಾಡಿಸಿ ಕೊಡ್ತೀವಿ” ಎಂದು ಅಡ್ವಾನ್ಸು ಕೇಳುವವನ ಹಿಂದೆ ಹೋದವನ ಕೈಲಿ ಉಳಿಯುವುದು ರಸೀದಿ, ಅದೂ ಕೊಟ್ಟಿದ್ದರೆ.

ಕೇಳಲು ಜಾಗ ಇಲ್ಲವೆಂದಲ್ಲ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅರ್ಜಿಯ ಬಗ್ಗೆ ವಿಚಾರಿಸಬಹುದು. ಸೈನಿಕರ ಕುಟುಂಬಗಳಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈಯಲ್ಲಿ ವೀರ ಪರಿವಾರ ಸಹಾಯತಾ ಯೋಜನೆ ಶುರುಮಾಡಿದೆ. ಸೈನಿಕ ಮಂಡಳಿಗಳಲ್ಲೇ ಕಾನೂನು ನೆರವಿನ ಕೇಂದ್ರ ಇಡುವುದು ಅದರ ಉದ್ದೇಶ. ದುಡ್ಡು ಬಿಚ್ಚುವ ಮೊದಲು ಅಲ್ಲಿ ಹೋಗಿ ಕೂರುವುದು ಒಳ್ಳೆಯದು.

ಇನ್ನು ಗಣಿಯ ಮಾತು. ಅರ್ಜಿಯಲ್ಲಿ ಗಣಿಯ ವರ್ಷಗಳನ್ನು ಬರೆಯಬೇಡ, ಬರೆದರೆ ಕೆಡುತ್ತದೆ ಎಂದು ಬುದ್ಧಿ ಹೇಳುವವರು ಸಿಗುತ್ತಾರೆ. ಮುಚ್ಚಿಟ್ಟರೆ ಅದು ಹೊರಬರುವುದು ಎಷ್ಟು ಹೊತ್ತು? ಪಿ.ಎಫ್. ಖಾತೆಯಲ್ಲಿದೆ, ಇ.ಎಸ್.ಐ. ಚೀಟಿಯಲ್ಲಿದೆ, ಊರವರ ಬಾಯಲ್ಲಿದೆ. ಹೊರಬಂದ ದಿನ ಡಾಕ್ಟರ ಅಭಿಪ್ರಾಯದ ಮೇಲಿನ ನಂಬಿಕೆಯೂ ಹೋಗುತ್ತದೆ. ಗಣಿಯಲ್ಲಿ ಇಷ್ಟು ವರ್ಷ ದುಡಿದಿದ್ದಾನೆ, ಆದರೆ ಅದಕ್ಕೂ ಮೊದಲು, ಬಿಡುಗಡೆಯ ದಿನವೇ ಎಡಗಿವಿಯ ಗೆರೆ ಇಷ್ಟು ತಗ್ಗಿತ್ತು, ಆ ಕಾಗದ ಇಲ್ಲಿದೆ — ಹೀಗೆ ಬರೆದ ಪತ್ರವನ್ನು ತಳ್ಳಿಹಾಕಬೇಕಾದರೆ ಬೋರ್ಡಿನವರೂ ಕಾರಣ ಬರೆಯಬೇಕಾಗುತ್ತದೆ.