ಹಸಿಕಸ ಹೊಸಿಲು ದಾಟುವ ಮೊದಲು

ಕೇರಳದ ಆಲಪ್ಪುಳ ನಗರಸಭೆಯ ಕಸದ ಲಾರಿಗಳನ್ನು 2012ರಲ್ಲಿ ಸರ್ವೋದಯಪುರದ ಜನ ಅಡ್ಡಗಟ್ಟಿದರು. ನಗರದ ಕಸ ವರ್ಷಗಟ್ಟಲೆ ಬಂದು ಬೀಳುತ್ತಿದ್ದುದು ಅವರ ಊರಿನಲ್ಲಿ. ನೊಣ, ದುರ್ನಾತಗಳಿಂದ ಬೇಸತ್ತ ಅವರು ಇನ್ನು ಒಂದು ಲಾರಿಯನ್ನೂ ಒಳಗೆ ಬಿಡುವುದಿಲ್ಲ ಎಂದರು. ಇಂಥ ಹೊತ್ತಿನಲ್ಲಿ ನಗರಗಳು ಸಾಮಾನ್ಯವಾಗಿ ಇನ್ನೊಂದು ಹಳ್ಳಿಯನ್ನು ಹುಡುಕುತ್ತವೆ. ಬೆಂಗಳೂರು ಮಾಡಿದ್ದೂ ಅದನ್ನೇ: ಅದೇ 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ಹೊರೆ ಮಂಡೂರಿನ ಮೇಲೆ ಬಿತ್ತು, 2014ರ ಕೊನೆಗೆ ಮಂಡೂರಿನವರ ತಾಳ್ಮೆಯೂ ಮುಗಿಯಿತು. ಆಲಪ್ಪುಳಕ್ಕೆ ಆ ದಾರಿ ಇರಲಿಲ್ಲ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ವೇಂಬನಾಡು ಸರೋವರ, ನಡುವೆ ಕಾಲುವೆಗಳು. ಸ್ವಲ್ಪ ಅಗೆದರೆ ನೀರು ಬರುವ ನೆಲ. ಹೀಗಾಗಿ ನಗರಸಭೆ ಪ್ರಶ್ನೆಯನ್ನೇ ಬದಲಿಸಿಕೊಂಡಿತು. ಕಸವನ್ನು ಎಲ್ಲಿಗೆ ಒಯ್ಯಬೇಕು ಎಂದು ಕೇಳುವ ಬದಲು ಅಡುಗೆಮನೆಯ ಕಸ ಮನೆ ಬಿಟ್ಟು ಹೊರಡುವುದಾದರೂ ಯಾಕೆ ಎಂದು ಕೇಳಿತು. ‘ನಿರ್ಮಲ ಭವನಂ, ನಿರ್ಮಲ ನಗರಂ’ ಎಂಬ ಹೆಸರಿನಲ್ಲಿ, ಆಗ ಅಲ್ಲಿನ ಶಾಸಕರಾಗಿದ್ದ ಥಾಮಸ್ ಐಸಾಕ್ ಅವರ ಬೆಂಬಲದೊಂದಿಗೆ, ಮನೆಗಳಿಗೆ ಪೈಪ್ ಕಾಂಪೋಸ್ಟ್ ಮತ್ತು ಚಿಕ್ಕ ಬಯೋಗ್ಯಾಸ್ ಘಟಕಗಳನ್ನು ಕೊಡುವ ಯೋಜನೆ ಶುರುವಾಯಿತು. ಬೆಲೆಯ ದೊಡ್ಡ ಪಾಲು ಸಬ್ಸಿಡಿ, ಉಳಿದದ್ದು ಮನೆಯವರದು. 2017ರ ಹೊತ್ತಿಗೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕಸ ನಿರ್ವಹಣೆಯಲ್ಲಿ ಹೆಸರಿಸಿದ ಐದು ಮಾದರಿ ನಗರಗಳ ಪಟ್ಟಿಯಲ್ಲಿ ಒಸಾಕಾ, ಪೆನಾಂಗ್‌ಗಳ ಜೊತೆ ಆಲಪ್ಪುಳವೂ ಇತ್ತು.

ಪೈಪ್ ಕಾಂಪೋಸ್ಟ್ ಎಂದರೆ ದೊಡ್ಡ ಯಂತ್ರವೇನಲ್ಲ. ಎಂಟು ಇಂಚು ಅಗಲದ, ಎದೆಯೆತ್ತರದ ಎರಡು ಪಿವಿಸಿ ಪೈಪುಗಳು. ಬುಡ ಮಣ್ಣಿನಲ್ಲಿ, ಬಾಯಿಗೆ ಮುಚ್ಚಳ. ಸಿಪ್ಪೆ, ಸೊಪ್ಪಿನ ದಂಟು, ಉಳಿದ ಅನ್ನ ಎಲ್ಲವನ್ನೂ ಒಂದು ಪೈಪಿಗೆ ಹಾಕುತ್ತಾ ಹೋಗಬೇಕು. ಆಗಾಗ ಸೆಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಿದರೆ ಕೊಳೆಸುವ ಸೂಕ್ಷ್ಮಜೀವಿಗಳು ಚುರುಕಾಗುತ್ತವೆ. ಒಂದು ತಿಂಗಳಿನಷ್ಟರಲ್ಲಿ ಅದು ತುಂಬಿದರೆ ಮುಚ್ಚಿಟ್ಟು ಎರಡನೆಯದನ್ನು ಶುರು ಮಾಡುವುದು; ಎರಡನೆಯದು ತುಂಬುವ ವೇಳೆಗೆ ಮೊದಲನೆಯದು ಗೊಬ್ಬರ. ವಾಸನೆ ಬಂದರೆ ಒದ್ದೆ ಹೆಚ್ಚಾಗಿದೆ ಎಂದು ಅರ್ಥ. ಒಣ ಎಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಸೇರಿಸಿದರೆ ಗಾಳಿ ಆಡಿ ನಾತ ಇಳಿಯುತ್ತದೆ. ಕಲಿಯಬೇಕಾದ ವಿದ್ಯೆ ಇಷ್ಟೇ. ಇಷ್ಟು ಸಣ್ಣ ಕೆಲಸ ಮನೆಯಲ್ಲಿ ಆಗದಿದ್ದಾಗ ಊರಿಗೆ ಬೀಳುವ ಖರ್ಚು ಮಾತ್ರ ಸಣ್ಣದಲ್ಲ. ನಮ್ಮ ನಗರಗಳ ಕಸದಲ್ಲಿ ಸುಮಾರು ಅರ್ಧ ಹಸಿಕಸ, ಆ ಹಸಿಕಸದ ತೂಕದಲ್ಲಿ ಬಹುಪಾಲು ಬರೀ ನೀರು. ಡೀಸೆಲ್ ಸುಟ್ಟು ನಾವು ಊರಾಚೆಗೆ ಸಾಗಿಸುತ್ತಿರುವುದು ಹೆಚ್ಚಾಗಿ ಆ ನೀರನ್ನು. ಹಸಿಕಸ ಕಾಗದ, ಪ್ಲಾಸ್ಟಿಕ್ಕಿಗೆ ಅಂಟಿ ಮಾರಾಟಕ್ಕೆ ಬರುತ್ತಿದ್ದ ಒಣಕಸವನ್ನೂ ಕೆಡಿಸುತ್ತದೆ. ರಾಶಿಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದರ ತಾಪ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು. ಆದ್ದರಿಂದ ಸ್ಥಳೀಯ ಸರ್ಕಾರ ಲಾರಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಅಡುಗೆಮನೆಯ ಕಡೆಗೆ ತಿರುಗಿಸುವುದು ದಾನವಲ್ಲ, ಸರಿಯಾದ ಲೆಕ್ಕಾಚಾರ.

ಆದರೆ ಯಾವ ಸಾಧನ ಕೊಡುತ್ತೇವೆ ಎಂಬಲ್ಲಿ ಎಚ್ಚರ ಬೇಕು. ಕೆನಡಾದ ಹಲವು ಪುರಸಭೆಗಳು, ಜಪಾನಿನ ಎಷ್ಟೋ ನಗರಗಳು ವಿದ್ಯುತ್ ಯಂತ್ರಗಳಿಗೆ ಸಬ್ಸಿಡಿ ಕೊಡುತ್ತವೆ. ಮಿಕ್ಸಿ ಇಡುವ ಜಾಗದಲ್ಲಿ ಕೂರುವ ಈ ಯಂತ್ರ ಕಸವನ್ನು ಕಾಯಿಸಿ, ಒಣಗಿಸಿ, ಪುಡಿ ಮಾಡುತ್ತದೆ. ಕೆಲವೇ ಗಂಟೆಗಳಲ್ಲಿ ಗಾತ್ರ ಬಹಳಷ್ಟು ಕುಗ್ಗುತ್ತದೆ, ನಾತವಿಲ್ಲ. ತಿಂಗಳುಗಟ್ಟಲೆ ಹಿಮ ಬೀಳುವ, ಹೊರಗಿನ ಗೊಬ್ಬರದ ಡಬ್ಬಿ ಹೆಪ್ಪುಗಟ್ಟಿ ನಿಂತುಬಿಡುವ ಊರುಗಳಿಗೆ ಇದು ನಿಜವಾಗಿ ಉಪಕಾರ. ಆದರೆ ಹೊರಬರುವುದು ಗೊಬ್ಬರವಲ್ಲ, ಒಣಗಿದ ಆಹಾರ. ನೀರು ತಾಗಿದರೆ ಬೂಸ್ಟು ಹಿಡಿಯುತ್ತದೆ. ಮಣ್ಣಿನಲ್ಲಿ ಬೆರೆಸಿ ವಾರಗಟ್ಟಲೆ ಬಿಟ್ಟ ಮೇಲಷ್ಟೇ ಗಿಡಕ್ಕೆ ದಕ್ಕುತ್ತದೆ. ಒಂದು ಸಲ ಓಡಿಸಲು ಸುಮಾರು ಒಂದು ಯೂನಿಟ್ ಕರೆಂಟ್ ಬೇಕು; ದಿನಾ ಓಡಿಸಿದರೆ ತಿಂಗಳಿಗೆ 30 ಯೂನಿಟ್. ವರ್ಷದ ಬಹುಕಾಲ ಬೆಚ್ಚಗಿರುವ ನಮ್ಮ ನೆಲದಲ್ಲಿ ಸೂಕ್ಷ್ಮಜೀವಿಗಳು ಪುಕ್ಕಟೆ ಮಾಡುವ ಕೆಲಸಕ್ಕೆ ಅಷ್ಟು ವಿದ್ಯುತ್ ಯಾಕೆ? ಬಿಸಿಲು ಬೀಳುವ ಮೂಲೆಯೂ ಇಲ್ಲದ ಫ್ಲ್ಯಾಟುಗಳಿಗೆ ಅದು ಕೊನೆಯ ಆಯ್ಕೆಯಾಗಿ ಉಳಿಯಲಿ. ಬಾಲ್ಕನಿ ಇದ್ದವರಿಗೆ, ಪೂನಮ್ ಬೀರ್ ಕಸ್ತೂರಿ ಅವರು 2006ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಡೈಲಿ ಡಂಪ್ ಸಂಸ್ಥೆಯ ಒಂದರ ಮೇಲೊಂದು ಕೂರುವ ಮಣ್ಣಿನ ಮಡಕೆಗಳು ಸಾಕು.

ಸಾಧನ ಕೊಟ್ಟ ಮಾತ್ರಕ್ಕೆ ಜನ ಬಳಸುತ್ತಾರೆಯೇ ಎಂಬ ಸಂಶಯ ನ್ಯಾಯವಾದದ್ದು. ಹುಳ ಕಂಡ ಮೊದಲ ವಾರವೇ ಮುಚ್ಚಳ ಹಾಕಿ ಮೂಲೆಗೆ ತಳ್ಳುವವರು ಇದ್ದೇ ಇರುತ್ತಾರೆ. ಇಂಥ ಯೋಜನೆಗಳ ಹಣೆಬರಹ ನಿರ್ಧಾರವಾಗುವುದೂ ಆ ವಾರದಲ್ಲೇ: ಹುಳ ಬಿತ್ತು, ಏನು ಮಾಡಲಿ ಎಂದರೆ ಬಂದು ನೋಡಿ ಹೇಳುವ ಮನುಷ್ಯ ಬೇಕು. ಕೇರಳದಲ್ಲಿ ಆ ಮನುಷ್ಯಬಲ ಇದೆ. ಅಲ್ಲಿನ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯ ಮಹಿಳೆಯರಿಂದ ಕಟ್ಟಿದ ಹರಿತ ಕರ್ಮ ಸೇನೆ ತಿಂಗಳ ಶುಲ್ಕ ಪಡೆದು ಮನೆಮನೆಯಿಂದ ಒಣಕಸ ಒಯ್ಯುತ್ತದೆ. ಹಾಗೆ ಬಾಗಿಲಿಗೆ ಬರುವವರಿಗೆ ಗೊಬ್ಬರದ ಡಬ್ಬಿಯನ್ನೂ ಇಣುಕಿ ನೋಡುವುದು ಕಷ್ಟವಲ್ಲ. ಜಾಗವೇ ಇಲ್ಲದ ಮನೆಗಳಿಗೆ ಆಲಪ್ಪುಳದಲ್ಲಿ ಬೀದಿ ಬದಿಯ ಸಾರ್ವಜನಿಕ ಘಟಕಗಳಿವೆ; ಕಸ, ಒಣ ಎಲೆ, ಸೆಗಣಿಯನ್ನು ಪದರ ಪದರವಾಗಿ ಹಾಕಿ ಸುಮಾರು ಮೂರು ತಿಂಗಳು ಬಿಡುವ ಈ ತುಂಬೂರ್‌ಮೂಳಿ ವಿಧಾನವನ್ನು ರೂಪಿಸಿದ್ದು ಕೇರಳದ ಪಶುವೈದ್ಯಕೀಯ ವಿಶ್ವವಿದ್ಯಾಲಯ. ಸರ್ಕಾರದ ಕೆಲಸವನ್ನು ನಮ್ಮ ತಲೆಗೆ ಕಟ್ಟುತ್ತಿದ್ದಾರೆ ಎನ್ನುವವರಿಗೆ ಒಂದು ಮಾತು: ಆ ಕೆಲಸ ಈಗಲೂ ಮನುಷ್ಯರ ಕೈಯಲ್ಲೇ ಆಗುತ್ತಿದೆ. ಬೆರೆಸಿ ಕೊಟ್ಟ ಕಸವನ್ನು ಬರಿಗೈಯಲ್ಲಿ ಬಿಡಿಸುವವರು ಪೌರಕಾರ್ಮಿಕರು ಮತ್ತು ಚಿಂದಿ ಆಯುವವರು. ನಮ್ಮ ಹಿಂದಿನ ದಿನದ ಸಾರು ಅವರ ಮೊಣಕೈವರೆಗೆ ಮೆತ್ತಿಕೊಳ್ಳುವುದನ್ನು ಯಾವ ತೆರಿಗೆಯೂ ಸಮರ್ಥಿಸಲಾರದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹೇಗೂ ಗೊಬ್ಬರವಾಗುತ್ತದಲ್ಲ ಎಂಬ ಸಮಾಧಾನ ಆಹಾರ ಚೆಲ್ಲುವುದನ್ನೇ ಹೆಚ್ಚಿಸಿದರೆ? ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಟ್ಟೆಯಲ್ಲಿ ಬಿಟ್ಟದ್ದು ಕಾಂಪೋಸ್ಟ್ ಆಗುತ್ತದೆ ಎಂದು ತಿಳಿದವರು ಹೆಚ್ಚು ಬಿಟ್ಟರು. ಇದನ್ನು ತಳ್ಳಿಹಾಕುವಂತಿಲ್ಲ. ಜಗತ್ತಿನ ಮನೆಗಳು ವರ್ಷಕ್ಕೆ ಒಬ್ಬ ವ್ಯಕ್ತಿಗೆ 79 ಕೆ.ಜಿ. ಲೆಕ್ಕದಲ್ಲಿ ಆಹಾರ ಎಸೆಯುತ್ತವೆ, ಭಾರತದಲ್ಲಿ 55 ಕೆ.ಜಿ. ಎಂಬುದು ವಿಶ್ವಸಂಸ್ಥೆಯ 2024ರ ಅಂದಾಜು. ಬಾಳೆಸಿಪ್ಪೆ ಗೊಬ್ಬರವಾದರೆ ಲಾಭ. ಬೇಯಿಸಿದ ಅನ್ನ ಗೊಬ್ಬರವಾದರೆ ಗದ್ದೆಯ ನೀರು, ಬೆವರು, ಗ್ಯಾಸ್ ಎಲ್ಲವೂ ನಷ್ಟ. ಆದರೆ ಆ ಪ್ರಯೋಗದಲ್ಲಿ ಕಾಂಪೋಸ್ಟ್ ಮಾಡುವವರು ಬೇರೆ ಯಾರೋ ಆಗಿದ್ದರು. ತಮ್ಮದೇ ಪೈಪು ತಿಂಗಳ ಬದಲು ಹದಿನೈದೇ ದಿನಕ್ಕೆ ತುಂಬಿದಾಗ, ಅನ್ನ ಹಾಕಿದ ದಿನ ನಾತ ಹೆಚ್ಚಾದಾಗ, ಎಷ್ಟು ಚೆಲ್ಲುತ್ತಿದ್ದೇವೆ ಎಂಬುದು ಮನೆಯವರ ಕಣ್ಣಿಗೆ ಬೀಳುತ್ತದೆ. ಅದರ ಜೊತೆಗೆ ಬೆಲೆಯೂ ಕಾಣಿಸಬೇಕು. ದಕ್ಷಿಣ ಕೊರಿಯಾ 2005ರಲ್ಲಿ ಆಹಾರದ ಕಸವನ್ನು ನೆಲಕ್ಕೆ ಸುರಿಯುವುದನ್ನು ನಿಷೇಧಿಸಿತು, 2013ರಿಂದ ಎಷ್ಟು ಎಸೆದರೆ ಅಷ್ಟಕ್ಕೆ ಶುಲ್ಕ ಎಂಬ ಪದ್ಧತಿ ತಂದಿತು. ಅಲ್ಲಿನ ಬಹಳಷ್ಟು ಅಪಾರ್ಟ್‌ಮೆಂಟುಗಳಲ್ಲಿ ಕಾರ್ಡ್ ತೋರಿಸಿದರೆ ಮುಚ್ಚಳ ತೆರೆದು, ಕಸವನ್ನು ತೂಗಿ, ಬಿಲ್ಲಿಗೆ ಸೇರಿಸುವ ತೊಟ್ಟಿಗಳಿವೆ. ಬೆಂಗಳೂರಿನಲ್ಲಿ 2025ರಿಂದ ಮನೆಗಳ ಕಸದ ಶುಲ್ಕ ನಿಗದಿಯಾಗುವುದು ಕಟ್ಟಡದ ವಿಸ್ತೀರ್ಣದಿಂದ, ಹೊರಗೆ ಹಾಕುವ ಕಸದ ತೂಕದಿಂದಲ್ಲ.

ಕರ್ನಾಟಕದ ನಗರಸಭೆಗಳು ಇಂಥ ಯೋಜನೆಗೆ ಕೈ ಹಾಕುವುದಾದರೆ ಟೆಂಡರಿನ ಷರತ್ತುಗಳನ್ನೇ ಬೇರೆ ರೀತಿ ಬರೆಯಬೇಕು. ಎಷ್ಟು ಡಬ್ಬಿ ಹಂಚಿದಿರಿ ಎಂದು ಕೇಳಿ ಪೂರ್ತಿ ಹಣ ಕೊಟ್ಟರೆ ಡಬ್ಬಿ ಹಂಚಿಕೆಯಷ್ಟೇ ಆಗುತ್ತದೆ. ಅರ್ಧ ಹಣ ಮನೆಗೆ ತಲುಪಿಸಿದಾಗ, ಉಳಿದರ್ಧ ಒಂದು ವರ್ಷ ಕಳೆದು ಮುಚ್ಚಳ ತೆರೆದು ನೋಡಿ ಒಳಗೆ ಕಸ ಕೊಳೆಯುತ್ತಿದ್ದರೆ ಮಾತ್ರ. ಆ ತಪಾಸಣೆಯನ್ನು ವಾರ್ಡಿನ ಸ್ವಸಹಾಯ ಸಂಘದ ಮಹಿಳೆಯರಿಗೆ ಸಂಬಳ ಕೊಟ್ಟು ವಹಿಸಲಿ, ಹೆಚ್ಚಾದ ಗೊಬ್ಬರವನ್ನು ಅವರೇ ಕೊಂಡು ಉದ್ಯಾನಗಳಿಗೂ ಹತ್ತಿರದ ರೈತರಿಗೂ ಮಾರಲಿ, ಡಬ್ಬಿ ನಡೆಸುವ ಮನೆಗೆ ಕಸದ ಶುಲ್ಕದಲ್ಲಿ ಕಣ್ಣಿಗೆ ಕಾಣುವಷ್ಟು ರಿಯಾಯಿತಿ ಸಿಗಲಿ.