ಲಗ್ನಪತ್ರಿಕೆ ಪ್ರಿಂಟ್ ಹಾಕಿಸ್ತೀರಾ? ಅಚ್ಚಾದ ಮೇಲಿನ ಕೆಲಸವನ್ನೂ ಕೇಳಿ ತಿಳ್ಕೊಳ್ಳಿ

ಗದಗ: ಮುದ್ರಣ ಕಾಶಿ ಎಂದೇ ಹೆಸರಾದ ಗದಗ-ಬೆಟಗೇರಿಯಲ್ಲಿ ಮದುವೆ ಸೀಸನ್ ಬಂತೆಂದರೆ ಪ್ರೆಸ್‌ಗಳಿಗೆ ಬಿಡುವಿಲ್ಲ. ಲಗ್ನಪತ್ರಿಕೆ ಮಾಡಿಸುವವರು ಡಿಸೈನ್, ಬಣ್ಣ, ಅಕ್ಷರ ತಪ್ಪು ಎಲ್ಲ ನೋಡ್ತಾರೆ. ಆದರೆ ಕಾರ್ಡ್ ಕೈಗೆ ಬಂದಾಗ ಮಡಿಕೆಯಲ್ಲಿ ಬಣ್ಣ ಒಡೆದು ಬಿಳಿ ಗೆರೆ ಕಂಡರೆ ದುಡ್ಡು ಕೊಟ್ಟೂ ಬೇಜಾರು. ಸಾಮಾನ್ಯವಾಗಿ ಇದು ಅಚ್ಚಿನ ದೋಷವಲ್ಲ, ಅಚ್ಚಾದ ಮೇಲೆ ನಡೆಯುವ 'ಫಿನಿಶಿಂಗ್' ಕೆಲಸದ ದೋಷ.

ಮಡಿಕೆ ಒಡೆಯೋದು ಯಾಕೆ?

ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಇದಕ್ಕೆ 'ಗ್ರೇನ್' ಅಂತಾರೆ. ಹಳೇ ಪೇಪರ್ ಹರಿದು ನೋಡಿ: ಒಂದು ಕಡೆ ನೇರವಾಗಿ ಹರಿಯುತ್ತೆ, ಇನ್ನೊಂದು ಕಡೆ ಸೊಟ್ಟ ಹೋಗುತ್ತೆ. ನಾರಿನ ದಿಕ್ಕಿಗೇ ಮಡಚಿದರೆ ಮಡಿಕೆ ನೀಟಾಗಿ ಕೂರುತ್ತೆ. ಅಡ್ಡ ಮಡಚಿದರೆ ನಾರು ಮುರಿದು ಬಣ್ಣ ಬಿರಿಯುತ್ತೆ.

ಕಾಗದದ ತೂಕವನ್ನು ಜಿಎಸ್‌ಎಂನಲ್ಲಿ ಹೇಳ್ತಾರೆ, ಅಂದರೆ 1 ಚದರ ಮೀಟರ್ ಹಾಳೆ ಎಷ್ಟು ಗ್ರಾಂ ಎಂದು. ಝೆರಾಕ್ಸ್ ಹಾಳೆ 70–80 ಜಿಎಸ್‌ಎಂ. ಗಟ್ಟಿ ಕಾರ್ಡ್ 250–300 ಇರುತ್ತೆ. ಸುಮಾರು 200 ದಾಟಿದರೆ ಮೊದಲು 'ಕ್ರೀಸಿಂಗ್' ಮಾಡಲೇಬೇಕು, ಅಂದರೆ ಮಡಚುವ ಜಾಗದಲ್ಲಿ ಒತ್ತಿ ಗೆರೆ ಮೂಡಿಸಬೇಕು.

ಹೊಳಪಿನ ಲೆಕ್ಕ

ಲ್ಯಾಮಿನೇಷನ್ ಎಂದರೆ ಹಾಳೆ ಮೇಲೆ ತೆಳು ಪ್ಲಾಸ್ಟಿಕ್ ಪದರ ಅಂಟಿಸುವುದು. ಗ್ಲಾಸ್ ಹಾಕಿಸಿದರೆ ಬಣ್ಣ ಎದ್ದು ಕಾಣುತ್ತೆ, ಆದರೆ ಪೆನ್ನು ಜಾರುತ್ತೆ. ಹೆಸರು ಬರೆಯುವ ಕವರ್‌ಗೆ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಹಾಳೆಗೆ ಅದು ಬೇಡ. ಮ್ಯಾಟ್ ಮೃದುವಾಗಿ ಕಾಣುತ್ತೆ, ಆದರೆ ಗಾಢ ಬಣ್ಣದ ಮೇಲೆ ಬೆರಳಿನ ಗುರುತು, ಗೀರು ಬೇಗ ಕಾಣಿಸುತ್ತವೆ.

ಯುವಿ ಕೋಟಿಂಗ್‌ನಲ್ಲಿ ಫಿಲ್ಮ್ ಇರಲ್ಲ. ದ್ರವ ವಾರ್ನಿಷ್ ಬಳಿದು ಅತಿನೇರಳೆ ದೀಪದ ಕೆಳಗೆ ಗಟ್ಟಿ ಮಾಡ್ತಾರೆ. ಗಣಪತಿ ಚಿತ್ರ, ವಧು-ವರರ ಹೆಸರು ಇಷ್ಟಕ್ಕೇ ಹೊಳಪು ಕೊಟ್ಟರೆ ಅದು 'ಸ್ಪಾಟ್ ಯುವಿ'.

ಬಂಗಾರದ ಅಕ್ಷರ ಇಂಕ್ ಅಲ್ಲ, ಬಿಸಿ ಬ್ಲಾಕ್‌ನಿಂದ ಒತ್ತಿದ ಫಾಯಿಲ್. ಉಬ್ಬು ಚಿತ್ರ ಬೇಕಾದರೆ ಎರಡು ಅಚ್ಚುಗಳ ನಡುವೆ ಹಾಳೆ ಒತ್ತುವ ಎಂಬಾಸಿಂಗ್. ಎರಡಕ್ಕೂ ಬ್ಲಾಕ್ ಮಾಡಿಸುವ ಖರ್ಚು ಒಂದೇ ಸಲ. ಹಾಗಾಗಿ 100 ಕಾರ್ಡ್‌ಗೆ ದುಬಾರಿ ಅನಿಸಿದ್ದು 1,000 ಕಾರ್ಡ್‌ಗೆ ಹಗುರವಾಗುತ್ತೆ.

ಪ್ಲಾಸ್ಟಿಕ್ ಬಗ್ಗೆ ಎಚ್ಚರ

ಆಮಂತ್ರಣ ಪತ್ರಿಕೆಗೆ ಪ್ಲಾಸ್ಟಿಕ್ ಹಾಳೆ ಸುತ್ತುವುದನ್ನು ದೇಶಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಕಾರ್ಡಿಗೇ ಅಂಟಿಸುವ ಲ್ಯಾಮಿನೇಷನ್ ಬೇರೆ. ಆದರೆ ಫಿಲ್ಮ್ ಅಂಟಿದ ಕಾಗದವನ್ನು ಬೇರ್ಪಡಿಸಿ ಮರುಬಳಕೆ ಮಾಡುವುದು ಕಷ್ಟ. ಒಂದು ದಿನದ ಕಾರ್ಯಕ್ರಮದ ಕಾರ್ಡಿಗೆ ಅದು ಬೇಕೇ ಎಂದು ಯೋಚಿಸಬಹುದು.

ಆರ್ಡರ್ ಕೊಡುವ ಮುನ್ನ

- ಎಷ್ಟು ಜಿಎಸ್‌ಎಂ, ಗ್ರೇನ್ ಮಡಿಕೆಯ ದಿಕ್ಕಿಗಿದೆಯೇ, ಕ್ರೀಸಿಂಗ್ ಸೇರಿದೆಯೇ ಕೇಳಿ.
- ಡಿಸೈನ್ ಅಂಚಿನಾಚೆ ಸುತ್ತಲೂ 3 ಮಿ.ಮೀ. ಬಣ್ಣ ಹೆಚ್ಚಿಗೆ ಬಿಡಿಸಿ. ಇಲ್ಲದಿದ್ದರೆ ಕಟಿಂಗ್‌ನಲ್ಲಿ ಬಿಳಿ ಅಂಚು ಉಳಿಯಬಹುದು.
- ಸ್ಮರಣ ಸಂಚಿಕೆಗೆ ನಡುವೆ ಪಿನ್ ಹೊಡೆಸುವುದಾದರೆ ಪುಟಗಳು 4ರ ಲೆಕ್ಕದಲ್ಲಿರಲಿ.
- ಎಲ್ಲ ಹಾಳೆ ಮಡಚುವ ಮೊದಲು ಒಂದು ಸ್ಯಾಂಪಲ್ ಮಡಚಿ ತೋರಿಸಲು ಹೇಳಿ. ತಪ್ಪಿದ್ದರೆ ಅಲ್ಲೇ ಸರಿಮಾಡಬಹುದು.