ಹಳೆ ಲ್ಯಾಪ್‌ಟಾಪ್‌ಗೆ ಲುಬುಂಟು: ಅಪ್‌ಡೇಟ್ ಮರೆಯಬೇಡಿ

ಗೂಡಲೂರು: ತಮಿಳುನಾಡು ಸರ್ಕಾರ 2011ರಿಂದ ವಿದ್ಯಾರ್ಥಿಗಳಿಗೆ ಉಚಿತವಾಗಿ ಹಂಚಿದ ಲ್ಯಾಪ್‌ಟಾಪ್‌ಗಳು ಇಂದಿಗೂ ಕೆಲವರ ಮನೆಯಲ್ಲಿವೆ. ಆದರೆ ವಿಂಡೋಸ್ 7ಕ್ಕೆ ಉಚಿತ ಭದ್ರತಾ ಅಪ್‌ಡೇಟ್ 2020ರ ಜನವರಿಯಲ್ಲೇ ನಿಂತಿತು. ಅದರಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಬೀಗವಿಲ್ಲದ ಪೆಟ್ಟಿಗೆಯಲ್ಲಿ ದುಡ್ಡಿಟ್ಟಂತೆ.

64 ಬಿಟ್ ಯಂತ್ರವಾದರೆ ಹಗುರವಾದ ಲುಬುಂಟು ಹಾಕಬಹುದು, ಕಾಸು ಕೊಡಬೇಕಿಲ್ಲ. ಮೊದಲು ಕಡತಗಳನ್ನು ಪೆನ್‌ಡ್ರೈವ್‌ಗೆ ತೆಗೆದಿಡಿ. 2024ರ ಏಪ್ರಿಲ್‌ನಲ್ಲಿ ಬಂದ 24.04 ಆವೃತ್ತಿಗೆ 3 ವರ್ಷ ಬೆಂಬಲವಿದೆ.

ಹಾಕಿದರಷ್ಟೇ ಸಾಲದು. ವಾರಕ್ಕೊಮ್ಮೆ ಟರ್ಮಿನಲ್ ತೆರೆದು 'ಸುಡೊ ಆಪ್ಟ್ ಅಪ್‌ಡೇಟ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಪಾಸ್‌ವರ್ಡ್ ಹೊಡೆಯುವಾಗ ತೆರೆಯಲ್ಲಿ ಏನೂ ಕಾಣದು, ಗಾಬರಿ ಬೇಡ. ಇದರಿಂದ ಪಟ್ಟಿ ಮಾತ್ರ ಹೊಸದಾಗುತ್ತದೆ. ತಂತ್ರಾಂಶ ಹೊಸದಾಗಲು 'ಸುಡೊ ಆಪ್ಟ್ ಅಪ್‌ಗ್ರೇಡ್' ಕೊಡಬೇಕು.

ಮಸಿನಗುಡಿ ಕಡೆ ನೆಟ್ ಕೈಕೊಟ್ಟು ಡೌನ್‌ಲೋಡ್ ನಿಂತರೆ ಅದನ್ನೇ ಮತ್ತೆ ಕೊಡಿ. ಇನ್‌ಸ್ಟಾಲ್ ನಡೆಯುವಾಗ ಮಾತ್ರ ಯಂತ್ರ ಆರಿಸಬೇಡಿ.